ಹೊಸ ಮರಿ ಬಂದಾಗ ಹಳೇ ಬೆಕ್ಕು ಮನೆ ಬಿಡದಂತೆ ನೋಡಿಕೊಳ್ಳುವುದು ಹೇಗೆ?

ಪ್ರತಿ ವಾರ ಬೆಳೆ, ಗೊಬ್ಬರ, ಬೋರು ಅಂತ ಓದೋ ಜಾಗದಲ್ಲಿ ಈ ವಾರ ಬೆಕ್ಕಿನ ವಿಷಯ ಯಾಕೆ ಬಂತು ಅನ್ನಿಸಬಹುದು. ಮನೆಯಲ್ಲಿ ಶೇಂಗಾ ಮೂಟೆ, ರಾಗಿ ಚೀಲ ಇಟ್ಟುಕೊಂಡಿರೋರು ದಯವಿಟ್ಟು ಕೊನೆ ತನಕ ಓದಿ. ಬೆಕ್ಕು ಸಾಕೋದು ಗೊತ್ತಿಲ್ಲದೆ ನಾನು ಬಿತ್ತನೆ ಶೇಂಗಾ ಕಳ್ಕೊಂಡೆ. ಇನ್ನೊಂದು ಸ್ವಲ್ಪದರಲ್ಲಿ ಬೆಕ್ಕನ್ನೂ ಕಳ್ಕೊಳ್ತಿದ್ದೆ.

ನಾನು ಮಾಡಿದ ತಪ್ಪು

ನಮ್ಮೂರು ಹಿರಿಯೂರು ತಾಲ್ಲೂಕಿನ ಜವನಗೊಂಡನಹಳ್ಳಿ. ಶಿರಾ ದಾಟಿ ಹಿರಿಯೂರು ಕಡೆ ಬರುವಾಗ ಹೆದ್ದಾರಿ ಪಕ್ಕದಲ್ಲೇ ಸಿಗುತ್ತೆ. ಮಳೆ ನಂಬಿದ ಹೊಲದಲ್ಲಿ ನಮ್ಮದು ಶೇಂಗಾ. ಕಿತ್ತು, ಬಿಡಿಸಿ, ಒಣಗಿಸಿದ ಮೇಲೆ ಮಾರೋದನ್ನ ಮಾರಿ, ನಾಲ್ಕು ಮೂಟೆ ಕಾಯಿಯನ್ನ ಮುಂದಿನ ಮುಂಗಾರಿನ ಬಿತ್ತನೆಗೆ ಅಂತ ಒಳಗಿನ ಕೋಣೆಯಲ್ಲಿ ಇಡ್ತೀವಿ. ಅಂದ್ರೆ ಏಳೆಂಟು ತಿಂಗಳು ಆ ಮೂಟೆಗಳನ್ನ ಇಲಿಯಿಂದ ಕಾಯಬೇಕು.

ಆರು ವರ್ಷದಿಂದ ಆ ಕೆಲಸ ಮಾಡ್ತಿದ್ದದ್ದು ನಮ್ಮ ಬೂದಿ. ಹೆಣ್ಣು ಬೆಕ್ಕು, ಮೈ ಪೂರ್ತಿ ಬೂದಿ ಬಣ್ಣ. ವಯಸ್ಸಾಗ್ತಾ ಬಂತು, ಇನ್ನೊಂದು ಮರಿ ತಂದ್ರೆ ಇದನ್ನ ನೋಡಿ ಬೇಟೆ ಕಲಿಯುತ್ತೆ ಅಂತ ನಮ್ಮಮ್ಮ ಹೇಳಿದ್ರು. ಅತ್ತೆ ಮನೆಯಲ್ಲಿ ಮರಿ ಹಾಕಿತ್ತು. ಎರಡು ತಿಂಗಳ ಒಂದು ಮರಿಯನ್ನ ರಟ್ಟಿನ ಡಬ್ಬದಲ್ಲಿ ಬೈಕ್ ಮೇಲೆ ತಂದೆ. ಚುಕ್ಕಿ ಅಂತ ಹೆಸರಿಟ್ವಿ.

ತಂದವನೇ ಪಡಸಾಲೆಯಲ್ಲಿ ಬೂದಿಯ ಮುಂದೇನೇ ಡಬ್ಬ ತೆಗೆದೆ. "ನೋಡು, ನಿನ್ನ ತಂಗಿ" ಅಂತ ಮರಿಯನ್ನ ಅದರ ಮೂತಿ ಹತ್ರಾನೇ ಹಿಡಿದೆ. ಮೊಬೈಲಲ್ಲಿ ವಿಡಿಯೋ ಬೇರೆ. ಬೂದಿ ಬೆನ್ನು ಬಿಲ್ಲು ಮಾಡಿ, ಬಾಲ ಉಬ್ಬಿಸಿ, "ಹಿಸ್ಸ್" ಅಂತು. ಪಂಜಾದಲ್ಲಿ ಒಂದು ಬಾರಿಸಿತು. ನಾನು ಗದರಿದೆ. ಬೂದಿ ಕಿಟಕಿ ಹಾರಿ ಹೋಯ್ತು.

ಆ ರಾತ್ರಿ ಬರಲಿಲ್ಲ, ಮಾರನೇ ದಿನಾನೂ ಬರಲಿಲ್ಲ. ಒಂದು ವಾರ ಆದಮೇಲೆ ಪಕ್ಕದ ತೋಟದ ಹುಲ್ಲಿನ ಬಣವೆ ಮೇಲೆ ಕಂಡಿತು. ಕರೆದ್ರೆ ದೂರ ಓಡ್ತು. ಅಷ್ಟರಲ್ಲಿ ಒಳಗಿನ ಕೋಣೆಯಲ್ಲಿ ಎರಡು ಮೂಟೆಯ ಬುಡ ತೂತಾಗಿತ್ತು. ನೆಲದ ತುಂಬಾ ಸಿಪ್ಪೆ, ಹಿಕ್ಕೆ.

ಅಮ್ಮ ಒಂದೇ ಮಾತು ಅಂದ್ರು: "ಅಲ್ಲ ಕಣೋ, ದುಡಿಯೋದನ್ನ ಓಡಿಸಿ, ಹಾಲು ಕುಡಿಯೋದನ್ನ ತಂದು ಇಟ್ಟಿದೀಯಲ್ಲ."

ಎಲ್ಲಕ್ಕಿಂತ ಹೆದರಿಕೆ ಆಗಿದ್ದು ಬೇರೆ ವಿಷಯಕ್ಕೆ. ಆ ತೋಟದವರು ಅದೇ ವಾರ ಇಲಿ ಪಾಷಾಣ ಇಟ್ಟಿದ್ರು. ಬೂದಿ ಹೊಟ್ಟೆ ಹಸಿದು ಅಲ್ಲಿ ಬಿದ್ದಿರೋ ಇಲಿ ತಿಂದಿದ್ರೆ ಕಥೆ ಮುಗೀತಿತ್ತು.

ಪಶು ಆಸ್ಪತ್ರೆಗೆ ಹೋಗಿ ಕೇಳಿದೆ. "ತಪ್ಪು ಬೆಕ್ಕಿಂದಲ್ಲ, ನೀವು ಪರಿಚಯ ಮಾಡಿಸಿದ ರೀತಿ ತಪ್ಪು" ಅಂತ ಡಾಕ್ಟ್ರು ಕೂರಿಸಿಕೊಂಡು ಹೇಳಿದ್ರು. ಅವರು ಹೇಳಿದ್ದು, ಆಮೇಲೆ ನಾನು ಮನೆಯಲ್ಲಿ ಮಾಡಿ ನೋಡಿದ್ದು, ಎರಡನ್ನೂ ಸೇರಿಸಿ ಇಲ್ಲಿ ಬರೀತಿದೀನಿ.

ಹಳೇ ಬೆಕ್ಕಿಗೆ ಯಾಕೆ ಅಷ್ಟು ಸಿಟ್ಟು?

ನಾಯಿ ಗುಂಪಿನ ಪ್ರಾಣಿ. ಬೆಕ್ಕು ಹಾಗಲ್ಲ. ನಮ್ಮ ಮನೆ ಬೆಕ್ಕಿನ ಮೂಲ ಆಫ್ರಿಕಾ ಮತ್ತು ಪಶ್ಚಿಮ ಏಷ್ಯಾದ ಕಾಡುಬೆಕ್ಕು. ಅದು ಒಂಟಿಯಾಗಿ ತಿರುಗಿ, ಒಂಟಿಯಾಗಿ ಬೇಟೆ ಆಡೋ ಜೀವಿ. ಮನುಷ್ಯ ಬೇಸಾಯ ಶುರು ಮಾಡಿ ಕಾಳು ಕೂಡಿಡೋಕೆ ಶುರು ಮಾಡಿದ. ಕಾಳಿಗೆ ಇಲಿ ಬಂತು, ಇಲಿಗೆ ಬೆಕ್ಕು ಬಂತು. ಸೈಪ್ರಸ್ ದ್ವೀಪದಲ್ಲಿ ಸುಮಾರು 9,500 ವರ್ಷ ಹಿಂದಿನ ಒಂದು ಸಮಾಧಿಯಲ್ಲಿ ಮನುಷ್ಯನ ಪಕ್ಕದಲ್ಲೇ ಬೆಕ್ಕಿನ ಅಸ್ಥಿಪಂಜರ ಸಿಕ್ಕಿದೆ. ಅಂದ್ರೆ ಬೆಕ್ಕು ರೈತನ ಹಳೇ ಜೊತೆಗಾರ. ಆದ್ರೆ ಇಷ್ಟು ಸಾವಿರ ವರ್ಷ ಆದ್ರೂ "ಈ ಜಾಗ ನಂದು" ಅನ್ನೋ ಬುದ್ಧಿ ಅದಕ್ಕೆ ಹೋಗಿಲ್ಲ.

ನಮಗೆ ಹೊಲದ ಬದು ಇದ್ದ ಹಾಗೆ ಬೆಕ್ಕಿಗೆ ವಾಸನೆ. ಅದು ಕೆನ್ನೆ, ಹಣೆಯನ್ನ ಬಾಗಿಲು, ಮೂಟೆ, ನಿಮ್ಮ ಕಾಲಿಗೆ ಉಜ್ಜುತ್ತಲ್ಲ, ಅದು ಬರೀ ಮುದ್ದಲ್ಲ. ಅಲ್ಲಿರೋ ಗ್ರಂಥಿಗಳಿಂದ ತನ್ನ ವಾಸನೆ ಹಚ್ಚಿ ಗುರುತು ಹಾಕ್ತಿರುತ್ತೆ. ಪಂಜಾದಲ್ಲಿ ಕಂಬ ಕೆರೆಯೋದೂ ಅದಕ್ಕೇ. ಇದ್ದಕ್ಕಿದ್ದಂತೆ ಬೇರೆ ವಾಸನೆಯ ಬೆಕ್ಕು ಮನೆ ನಡುವೆ ಬಂದ್ರೆ, ರಾತ್ರೋರಾತ್ರಿ ಯಾರೋ ನಮ್ಮ ಬದು ಒತ್ತಿ ಉತ್ತಷ್ಟೇ ಸಂಕಟ. ಬಂದಿರೋದು ಮರಿ ಅನ್ನೋ ಕನಿಕರ ಆಗ ಅದಕ್ಕೆ ಬರಲ್ಲ.

ಕುರಿ ಸಾಕಿದೋರಿಗೆ ಇದು ಬೇಗ ಅರ್ಥ ಆಗುತ್ತೆ. ತಬ್ಬಲಿ ಮರಿಯನ್ನ ಸುಮ್ಮನೆ ಬೇರೆ ಕುರಿ ಕೆಚ್ಚಲಿಗೆ ಬಿಟ್ಟರೆ ಗುಮ್ಮಿ ಓಡಿಸುತ್ತೆ. ಆ ಕುರಿಯ ಹಾಲನ್ನೋ, ಅದರ ಸ್ವಂತ ಮರಿಯ ವಾಸನೆಯನ್ನೋ ತಬ್ಬಲಿ ಮೈಗೆ ಹಚ್ಚಿದ್ರೆ ನಿಧಾನವಾಗಿ ಒಪ್ಪುತ್ತೆ. ಬೆಕ್ಕಿಗೂ ದಾರಿ ಇದೇ. ಮೊದಲು ವಾಸನೆ, ಆಮೇಲೆ ನೋಟ, ಕೊನೆಗೆ ಭೇಟಿ. ಇಷ್ಟು ನೆನಪಿದ್ರೆ ಅರ್ಧ ಕೆಲಸ ಆದಂಗೆ.

ಮರಿ ತರೋ ಮುಂಚೆ

• ಮರಿಗೆ ಕನಿಷ್ಠ 8 ವಾರ ತುಂಬಿರಲಿ. ಅದಕ್ಕೂ ಮುಂಚೆ ತಾಯಿಯಿಂದ ಬಿಡಿಸಬೇಡಿ. ಇನ್ನೊಂದು ಬೆಕ್ಕಿನ ಜೊತೆ ಹೇಗಿರಬೇಕು, ಎಷ್ಟು ಜೋರಾಗಿ ಕಚ್ಚಬೇಕು ಅನ್ನೋದನ್ನ ಅದು ತಾಯಿ, ಒಡಹುಟ್ಟಿದವರ ಹತ್ರಾನೇ ಕಲಿಯೋದು.

• ಬಾಗಿಲು ಇರೋ ಒಂದು ಸಣ್ಣ ಕೋಣೆ ಖಾಲಿ ಮಾಡಿ. ಹಳೇ ಬೆಕ್ಕು ದಿನಾ ಮಲಗೋ, ಬೇಟೆ ಆಡೋ ಕೋಣೆ ಬೇಡ. ಕ್ರಿಮಿನಾಶಕ, ಗೊಬ್ಬರ ಇಟ್ಟಿರೋ ಕೋಣೆಯಂತೂ ಬೇಡವೇ ಬೇಡ.

• ಎಲ್ಲಾ ಎರಡೆರಡು ಇರಲಿ: ಊಟದ ತಟ್ಟೆ, ನೀರಿನ ಬಟ್ಟಲು, ಮಲಗೋಕೆ ಗೋಣಿತಾಟು. ಮರಿ ಹೇಲು ಉಚ್ಚೆಗೆ ಹಳೇ ಪ್ಲಾಸ್ಟಿಕ್ ಟಬ್ಬಿನಲ್ಲಿ ನಾಲ್ಕು ಬೆರಳು ಮರಳು ಸಾಕು. ಊಟದ ತಟ್ಟೆಯಿಂದ ಅದು ದೂರ ಇರಲಿ.

• ಹಳೇ ಬೆಕ್ಕಿಗೆ ಒಂದು ಎತ್ತರದ ಜಾಗ ಬಿಡಿ. ಅಟ್ಟ, ಮೂಟೆ ಸಾಲಿನ ತುದಿ, ಗೋಡೆ ಹಲಗೆ, ಯಾವುದಾದ್ರೂ ಸರಿ. ಮರಿಗೆ ಹತ್ತೋಕೆ ಆಗಬಾರದು. ಮೇಲಿಂದ ನೋಡೋ ಬೆಕ್ಕಿಗೆ ಧೈರ್ಯ ಜಾಸ್ತಿ, ಸಿಟ್ಟು ಕಮ್ಮಿ.

ಹಂತ 1: ಬರೀ ವಾಸನೆ (ಮೊದಲ 4–5 ದಿನ)

ಮರಿಯನ್ನ ಹಳೇ ಬೆಕ್ಕು ಕಾಣದ ಹಾಗೆ ನೇರ ಆ ಕೋಣೆಗೆ ಒಯ್ದು ಬಾಗಿಲು ಹಾಕಿ. ಹಳೇ ಬೆಕ್ಕು ಬಾಗಿಲ ಸಂದಿಯಲ್ಲಿ ಮೂಸಿ ಗುರ್ ಅನ್ನುತ್ತೆ. ಅನ್ನಲಿ ಬಿಡಿ, ಗದರಬೇಡಿ.

ಎರಡು ಹಳೇ ಬಟ್ಟೆ ತಗೊಳ್ಳಿ. ಒಂದರಲ್ಲಿ ಹಳೇ ಬೆಕ್ಕಿನ ಕೆನ್ನೆ, ಇನ್ನೊಂದರಲ್ಲಿ ಮರಿಯ ಕೆನ್ನೆ ಮೆತ್ತಗೆ ಒರೆಸಿ. ಮರಿಯ ಬಟ್ಟೆಯನ್ನ ಹಳೇ ಬೆಕ್ಕಿನ ತಟ್ಟೆಯಿಂದ ಸ್ವಲ್ಪ ದೂರ ಇಡಿ, ಹಳೇ ಬೆಕ್ಕಿನ ಬಟ್ಟೆಯನ್ನ ಮರಿಯ ಹಾಸಿಗೆ ಹತ್ರ. ದಿನಾ ಹೀಗೇ ಮಾಡಿ, ತಟ್ಟೆಯ ಹತ್ರಕ್ಕೆ ತರ್ತಾ ಹೋಗಿ. ಆ ವಾಸನೆ ಬಂದಾಗಲೆಲ್ಲ ಊಟ ಸಿಗುತ್ತೆ ಅಂತ ಹಳೇ ಬೆಕ್ಕಿಗೆ ಅಭ್ಯಾಸ ಆಗಬೇಕು.

ಬಟ್ಟೆ ಮೂಸಿ ಸುಮ್ಮನೆ ಹೋದ್ರೆ, ಇಲ್ಲ ಅದರ ಮೇಲೇ ಮಲಗಿದ್ರೆ ಮುಂದಿನ ಹಂತಕ್ಕೆ ಹೋಗಬಹುದು. ಇನ್ನೂ ಹಿಸ್ಸ್ ಅಂತಿದ್ರೆ ಎರಡು ದಿನ ಕಾಯಿರಿ. ದಿನ ಲೆಕ್ಕ ಹಾಕಬೇಡಿ, ಬೆಕ್ಕು ನೋಡಿ ಮಾಡಿ.

ಹಂತ 2: ಬಾಗಿಲ ಆಚೆ ಈಚೆ ಊಟ, ಜಾಗ ಅದಲುಬದಲು (ಮುಂದಿನ 3–4 ದಿನ)

ಮುಚ್ಚಿದ ಬಾಗಿಲ ಎರಡೂ ಕಡೆ ಒಂದೇ ಹೊತ್ತಿಗೆ ಊಟ ಇಡಿ. ಮೊದಲ ದಿನ ಬಾಗಿಲಿಂದ ಆರಡಿ ದೂರ. ಆಮೇಲೆ ದಿನಕ್ಕೆ ಒಂದೆರಡು ಅಡಿ ಹತ್ರ. ನಾನು ಬೂದಿಗೆ ಸುಟ್ಟ ಒಣಮೀನು ಇಡ್ತಿದ್ದೆ. ಬೇರೆ ಹೊತ್ತಲ್ಲಿ ಸಿಗದ ರುಚಿ ಆ ಬಾಗಿಲ ಹತ್ರ ಮಾತ್ರ ಸಿಗಬೇಕು.

ದಿನಕ್ಕೊಂದು ಅರ್ಧ ಗಂಟೆ ಹಳೇ ಬೆಕ್ಕು ಹೊರಗೆ ಹೋಗಿರುವಾಗ ಮರಿಯನ್ನ ಪಡಸಾಲೆಯಲ್ಲಿ ಓಡಾಡಿಸಿ. ಮರಿ ಹೊರಗಿರುವಾಗ ಹಳೇ ಬೆಕ್ಕನ್ನ ಆ ಕೋಣೆ ಮೂಸೋಕೆ ಬಿಡಿ. ಮುಖ ನೋಡದೇನೇ ಎರಡರ ವಾಸನೆ ಮನೆಯಲ್ಲಿ ಬೆರೆಯುತ್ತೆ.

ಹಂತ 3: ಪರದೆಯ ಆಚೆಯಿಂದ ನೋಟ (3–4 ದಿನ)

ಸೊಳ್ಳೆ ಜಾಲರಿ ಬಾಗಿಲು ಇದ್ದರೆ ಅನುಕೂಲ. ಇಲ್ಲ ಅಂದ್ರೆ ತೋಟದ ಶೇಡ್ ನೆಟ್ ತುಂಡನ್ನ ಎರಡು ಪದರ ಮಾಡಿ ಬಾಗಿಲ ಚೌಕಟ್ಟಿಗೆ ಬಿಗಿಯಾಗಿ ಕಟ್ಟಿ. ನಾನು ಮಾಡಿದ್ದು ಇದನ್ನೇ. ಎರಡಕ್ಕೂ ಊಟ ಇಟ್ಟು ಹತ್ತು ನಿಮಿಷ ಮಾತ್ರ ನೋಡೋಕೆ ಬಿಡಿ. ಊಟ ಮುಗಿದ ತಕ್ಷಣ ಬಾಗಿಲು ಹಾಕಿ. ದಿನಕ್ಕೆ ಎರಡು ಮೂರು ಸಲ ಸಾಕು.

ಮರಿಯನ್ನ ಕೋಳಿ ಮಂಕರಿ ಕೆಳಗೆ ಮುಚ್ಚಿ ಹಳೇ ಬೆಕ್ಕಿಗೆ ತೋರಿಸಿದ್ರೆ ಆಗಲ್ವಾ ಅಂತ ಕೆಲವರು ಕೇಳಿದ್ರು. ಬೇಡ. ಮರಿಗೆ ಹಿಂದೆ ಸರಿಯೋಕೆ, ಬಚ್ಚಿಟ್ಟುಕೊಳ್ಳೋಕೆ ಜಾಗ ಇರಲ್ಲ, ಹೆದರಿಕೆ ಕೂತುಬಿಡುತ್ತೆ.

ಹಂತ 4: ಎದುರುಬದುರು ಭೇಟಿ

ಪರದೆ ಹಿಂದೆ ಎರಡೂ ನೆಮ್ಮದಿಯಾಗಿ ಉಣ್ಣೋಕೆ ಶುರು ಮಾಡಿದ ಮೇಲೆ ಮಾತ್ರ ಪರದೆ ತೆಗೀರಿ. ಮೊದಲು ಮರಿಯನ್ನ ಚೆನ್ನಾಗಿ ಆಟ ಆಡಿಸಿ ದಣಿಸಿ. ದಾರಕ್ಕೆ ಬಟ್ಟೆ ತುಂಡು ಕಟ್ಟಿ ಎಳೆದ್ರೆ ಸಾಕು. ಹುರುಪಿನ ಮರಿ ಹಳೇ ಬೆಕ್ಕಿನ ಬಾಲಕ್ಕೆ ನೆಗೆಯೋದ್ರಿಂದಾನೇ ಬಹಳ ಜಗಳ ಶುರುವಾಗೋದು.

ಐದು ನಿಮಿಷ ಸಾಕು. ಮರಿ ನುಗ್ಗೋಕೆ ಅಂತ ಒಂದೆರಡು ಟೊಮೆಟೊ ಕ್ರೇಟ್ ಮಗುಚಿ ಇಡಿ. ಹಳೇ ಬೆಕ್ಕು ಹೊರಗೆ ಹೋಗೋಕೆ ಒಂದು ದಾರಿ ತೆರೆದಿರಲಿ. ಯಾವುದನ್ನೂ ಕೈಯಲ್ಲಿ ಹಿಡಿದು ಇನ್ನೊಂದರ ಹತ್ರ ಒಯ್ಯಬೇಡಿ. ದಿನಾ ಐದೈದು ನಿಮಿಷ ಹೆಚ್ಚಿಸ್ತಾ ಹೋಗಿ. ನೀವು ಮನೆಯಲ್ಲಿ ಇಲ್ಲದಾಗ, ರಾತ್ರಿ ಮಲಗುವಾಗ ಮರಿ ತನ್ನ ಕೋಣೆಯಲ್ಲೇ ಇರಲಿ. ಒಂದು ತಿಂಗಳು ಈ ನಿಯಮ ಬಿಡಬೇಡಿ.

ಗುರ್ ಅಂದ್ರೆಲ್ಲ ಜಗಳ ಅಲ್ಲ

ಹಿಸ್ಸ್ ಅನ್ನೋದು, ಗುರ್ ಅನ್ನೋದು, ಉಗುರು ತೆಗೆಯದೆ ಪಂಜಾದಲ್ಲಿ ಒಂದು ತಟ್ಟೋದು, ಇದೆಲ್ಲ ಮಾಮೂಲು. ಹಿರಿಯರು ಹುಡುಗರನ್ನ ಗದರಿದ ಹಾಗೆ. ನಡುವೆ ಹೋಗಬೇಡಿ. ಹಳೇದನ್ನ ಹೊಡೆದ್ರೆ, ಈ ಮರಿ ಬಂದ ಮೇಲೇ ನನಗೆ ಏಟು ಬೀಳೋದು ಅಂತ ಅದು ಲೆಕ್ಕ ಹಾಕುತ್ತೆ.

ಕಿವಿ ಪೂರ್ತಿ ಹಿಂದಕ್ಕೆ ಒತ್ತಿ, ಕಣ್ಣು ಮಿಟುಕಿಸದೆ ದಿಟ್ಟಿಸಿ, ಹೊಂಚು ಹಾಕಿ ಅಟ್ಟಿಸಿಕೊಂಡು ಹೋದ್ರೆ, ಎರಡೂ ಉಂಡೆಯಾಗಿ ಉರುಳಾಡಿ ಕಿರುಚಿದ್ರೆ ಅದು ನಿಜವಾದ ಜಗಳ. ಆಗ ಕೈ ಹಾಕಬೇಡಿ, ಕಚ್ಚಿಸಿಕೊಳ್ತೀರ. ನಡುವೆ ಒಂದು ರಟ್ಟನ್ನೋ, ದಪ್ಪ ಗೋಣಿಯನ್ನೋ ಅಡ್ಡ ಇಟ್ಟು ಬೇರೆ ಮಾಡಿ. ಒಂದು ಹಂತ ಹಿಂದಕ್ಕೆ ಹೋಗಿ ಮತ್ತೆ ಶುರು ಮಾಡಿ.

ಇವು ಕಂಡ್ರೆ ಮಾತ್ರ ತಡ ಮಾಡದೆ ಪಶುವೈದ್ಯರಿಗೆ ತೋರಿಸಿ:

• ಯಾವುದೇ ಬೆಕ್ಕು ಎರಡು ದಿನ ಏನೂ ತಿನ್ನದಿದ್ರೆ. ದೊಡ್ಡ ಬೆಕ್ಕು ಉಪವಾಸ ಬಿದ್ರೆ ಲಿವರ್ ಕೆಡುತ್ತೆ. ಸಣ್ಣ ಮರಿ ಒಂದು ದಿನ ತಿನ್ನದಿದ್ರೂ ಕಾಯಬೇಡಿ.

• ಗಂಡು ಬೆಕ್ಕು ಪದೇ ಪದೇ ಕೂತು ಉಚ್ಚೆ ಬರದೆ ಒದ್ದಾಡಿದ್ರೆ ಅದೇ ದಿನ ಓಡಿ. ಮಾನಸಿಕ ಒತ್ತಡದಲ್ಲೂ ಇದು ಬರಬಹುದು. ತಡ ಆದ್ರೆ ಪ್ರಾಣ ಹೋಗುತ್ತೆ.

• ಮರಿಗೆ ವಾಂತಿ, ಭೇದಿ, ಮಂಕು ಒಟ್ಟಿಗೇ ಬಂದ್ರೆ. ಪ್ಯಾನ್‌ಲ್ಯುಕೋಪೇನಿಯಾ ಅನ್ನೋ ವೈರಸ್ ರೋಗ ಮರಿಗಳನ್ನ ಒಂದೆರಡು ದಿನದಲ್ಲಿ ಕೊಲ್ಲಬಹುದು. ಲಸಿಕೆ ಹಾಕಿಸದ ಹಳೇ ಬೆಕ್ಕಿಗೂ ಹರಡುತ್ತೆ. ಮೊದಲ ಎರಡು ವಾರ ಮರಿಯನ್ನ ಬೇರೆ ಇಡೋದ್ರಿಂದ ಇನ್ನೊಂದು ಲಾಭ ಇದು. ರೋಗ ಇದ್ರೆ ಆ ಕೋಣೆಯಲ್ಲೇ ಗೊತ್ತಾಗುತ್ತೆ. ಮರಿ ಮುಟ್ಟಿದ ಮೇಲೆ ಸೋಪಿನಲ್ಲಿ ಕೈ ತೊಳೆದೇ ಹಳೇ ಬೆಕ್ಕನ್ನ ಮುಟ್ಟಿ.

ಔಷಧಿ, ವಿಷ: ಇಲ್ಲಿ ಎಚ್ಚರ ಬೇಕು

*ಕುರಿ ಉಣ್ಣೆ ಔಷಧಿ ಬೆಕ್ಕಿಗೆ ಬೇಡ.* ಮರಿ ಮೈಯಲ್ಲಿ ಚಿಗಟ ಕಂಡ ತಕ್ಷಣ ಕುರಿಗೆ ಹೊಡೆಯೋ ಡೆಲ್ಟಾಮೆಥ್ರಿನ್, ಸೈಪರ್‌ಮೆಥ್ರಿನ್ ದ್ರಾವಣ ಹಚ್ಚೋರು ಇದ್ದಾರೆ. ನಾಯಿಗೆ ಹಾಕೋ ಪರ್ಮೆಥ್ರಿನ್ ಹನಿಯೂ ಅದೇ ಜಾತಿ. ಈ ಗುಂಪಿನ ಔಷಧಿಯನ್ನ ಬೆಕ್ಕಿನ ಲಿವರ್ ಅರಗಿಸಿಕೊಳ್ಳಲ್ಲ. ನಡುಕ, ಫಿಟ್ಸ್ ಬಂದು ಸಾಯಬಹುದು. ಚಿಗಟ ಇದ್ದರೆ ಸಣ್ಣ ಹಲ್ಲಿನ ಬಾಚಣಿಗೆಯಲ್ಲಿ ಬಾಚಿ, ಬೆಕ್ಕಿಗೇ ಅಂತ ಇರೋ ಔಷಧಿಯನ್ನ ಡಾಕ್ಟರ್ ಕೇಳಿ ಹಾಕಿ.

*ಪ್ಯಾರಾಸಿಟಮಾಲ್ ಕೊಡಬೇಡಿ.* ಜ್ವರ ಬಂದಿದೆ ಅಂತ ಅರ್ಧ ಮಾತ್ರೆ ಕೊಟ್ರೂ ಬೆಕ್ಕಿಗೆ ಅದು ವಿಷ.

*ಪಾಷಾಣ ಮತ್ತು ಬೆಕ್ಕು ಒಟ್ಟಿಗೆ ಬೇಡ.* ಬ್ರೋಮಾಡಿಯೋಲೋನ್ ಕೇಕ್ ತಿಂದ ಇಲಿ ತಕ್ಷಣ ಸಾಯಲ್ಲ. ಕೆಲವು ದಿನ ಮಂಕಾಗಿ ತಿರುಗುತ್ತೆ. ಅಂಥ ಇಲಿ ಬೆಕ್ಕಿಗೆ ಸುಲಭದ ಬೇಟೆ, ವಿಷ ಅದರ ಹೊಟ್ಟೆಗೂ ಸೇರುತ್ತೆ. ಈ ವಿಷಕ್ಕೆ ವಿಟಮಿನ್ ಕೆ1 ಚಿಕಿತ್ಸೆ ಇದೆ, ಬೇಗ ಹೋದ್ರೆ ಉಳಿಸಬಹುದು. ಜಿಂಕ್ ಫಾಸ್ಫೈಡ್‌ಗೆ ಅಂಥ ಮದ್ದೇ ಇಲ್ಲ. ಅಕ್ಕಪಕ್ಕದವರು ಪಾಷಾಣ ಇಡೋ ದಿನ ಮೊದಲೇ ಹೇಳೋಕೆ ಕೇಳ್ಕೊಳ್ಳಿ. ಆ ದಿನಗಳಲ್ಲಿ ಬೆಕ್ಕನ್ನ ಹೊಟ್ಟೆ ತುಂಬಿಸಿ ಒಳಗೇ ಇಡಿ. ಸತ್ತ ಇಲಿ ಕಂಡ್ರೆ ಆಳವಾಗಿ ಹೂತುಬಿಡಿ.

*ಲಸಿಕೆ, ಜಂತು ಔಷಧಿ.* ಮರಿಗೆ ಜಂತು ಔಷಧಿ ತೂಕ ನೋಡಿ ಕೊಡಿಸಿ. ಪ್ಯಾನ್‌ಲ್ಯುಕೋಪೇನಿಯಾ ಸೇರಿದ ಲಸಿಕೆಯನ್ನ 8 ವಾರದಿಂದ ಹಾಕಿಸಬಹುದು, ಮೂರು ನಾಲ್ಕು ವಾರಕ್ಕೆ ಮತ್ತೆ ಬೇಕು. ರೇಬೀಸ್ ಲಸಿಕೆ ಮೂರು ತಿಂಗಳಿಗೆ. ಹಳೇ ಬೆಕ್ಕಿಗೂ ಹಾಕಿಸಿ. ಯಾವ ಲಸಿಕೆ ಎಲ್ಲಿ ಸಿಗುತ್ತೆ ಅಂತ ಹೋಗೋ ಮುಂಚೆ ಫೋನ್ ಮಾಡಿ ಕೇಳಿ. ಬೆಕ್ಕು ಕಚ್ಚಿದ್ರೆ, ಪರಚಿದ್ರೆ ಸೋಪು ಹಾಕಿ ಹರಿಯೋ ನೀರಲ್ಲಿ 15 ನಿಮಿಷ ತೊಳೆದು ಆಸ್ಪತ್ರೆಗೆ ಹೋಗಿ. ಅರಿಶಿನ, ಸುಣ್ಣ ಮೆತ್ತಿಕೊಂಡು ಕೂರಬೇಡಿ.

*ಸಂತಾನಹರಣ ಶಸ್ತ್ರಚಿಕಿತ್ಸೆ.* ಐದಾರು ತಿಂಗಳಿಗೇ ಹೆಣ್ಣು ಮರಿ ಬೆದೆಗೆ ಬರುತ್ತೆ. ಎರಡು ತಿಂಗಳ ಗರ್ಭ, ವರ್ಷಕ್ಕೆ ಎರಡು ಮೂರು ಸೂಲು. ಆಪರೇಷನ್ ಆದ ಬೆಕ್ಕುಗಳಲ್ಲಿ ಜಗಳ, ಗೋಡೆಗೆ ಉಚ್ಚೆ ಹಾರಿಸೋದು, ಊರು ಅಲೆಯೋದು ಕಮ್ಮಿ.

ಊಟದ ವಿಷಯ ಎರಡು ಮಾತು

ಹಸಿದಿದ್ರೆ ಚೆನ್ನಾಗಿ ಇಲಿ ಹಿಡಿಯುತ್ತೆ ಅನ್ನೋದು ತಪ್ಪು. ಹಸಿದ ಬೆಕ್ಕು ಊಟ ಹುಡುಕಿಕೊಂಡು ಮನೆ ಬಿಡುತ್ತೆ. ಬೇಟೆ ಅದರ ರಕ್ತದಲ್ಲೇ ಇದೆ, ಹೊಟ್ಟೆ ತುಂಬಿದ್ರೂ ಹಿಡಿಯುತ್ತೆ. ಬರೀ ಹಾಲು ಅನ್ನದಲ್ಲಿ ಬೆಕ್ಕು ಬದುಕಲ್ಲ, ಮಾಂಸ, ಮೀನು, ಮೊಟ್ಟೆ ಬೇಕು. ಬೆಳೆದ ಬೆಕ್ಕಿಗೆ ಹಾಲು ಎಷ್ಟೋ ಸಲ ಭೇದಿ ಮಾಡಿಸುತ್ತೆ, ನೀರು ಇಡಿ. ನಮ್ಮ ಕಡೆ ಈರುಳ್ಳಿ, ಬೆಳ್ಳುಳ್ಳಿ ಇಲ್ಲದ ಸಾರೇ ಇಲ್ಲ. ಅವೆರಡೂ ಬೆಕ್ಕಿನ ರಕ್ತ ಕೆಡಿಸುತ್ತವೆ. ಮಸಾಲೆ ಹಾಕೋ ಮುಂಚೆ ಬೇಯಿಸಿದ ನಾಲ್ಕು ತುಂಡು ತೆಗೆದಿಡಿ. ಇಡುವಾಗ ಹಳೇ ಬೆಕ್ಕಿಗೇ ಮೊದಲು ಇಡಿ. ಮುದ್ದು ಮಾಡೋದೂ ಅದನ್ನೇ ಮೊದಲು.

ಬೂದಿ ವಾಪಸ್ ಬಂತಾ?

ಬಂತು. ಆದ್ರೆ ಸುಲಭವಾಗಿ ಬರಲಿಲ್ಲ. ಚುಕ್ಕಿಯನ್ನ ಕೋಣೆಗೆ ಹಾಕಿ, ದಿನಾ ಸಂಜೆ ಒಂದೇ ಹೊತ್ತಿಗೆ ಬಣವೆ ಹತ್ರ ಒಣಮೀನು ಇಟ್ಟು ದೂರ ಕೂರ್ತಿದ್ದೆ. ಮಾರನೇ ದಿನ ತಟ್ಟೆಯನ್ನ ಹತ್ತು ಹೆಜ್ಜೆ ನಮ್ಮ ಮನೆ ಕಡೆಗೆ. ಒಂಬತ್ತನೇ ದಿನ ಹಿತ್ತಲ ಬಾಗಿಲಿಗೆ ಬಂತು. ಹನ್ನೊಂದನೇ ದಿನ ಮೂಟೆ ಮೇಲೆ ಹತ್ತಿ ಮಲಗಿತ್ತು. ಅಮ್ಮ ಏನೂ ಮಾತಾಡಲಿಲ್ಲ, ಒಳಗೆ ಹೋಗಿ ಒಂದು ಮೊಟ್ಟೆ ಬೇಯಿಸಿ ತಂದಿಟ್ರು. ಅಲ್ಲಿಂದ ಹಂತ 1 ಶುರು ಮಾಡಿದೆ. ಒಮ್ಮೆ ಹೆದರಿದ್ದರಿಂದ ಎರಡು ವಾರದ ಕೆಲಸಕ್ಕೆ ಐದು ವಾರ ಹಿಡೀತು.

ಎರಡೂ ಒಟ್ಟಿಗೆ ಸುತ್ತಿಕೊಂಡು ಮಲಗುತ್ತವೆ ಅಂತ ನಾನು ಸುಳ್ಳು ಹೇಳಲ್ಲ. ಬೂದಿ ಅಟ್ಟದ ಮೇಲೆ, ಚುಕ್ಕಿ ಕೆಳಗೆ. ಒಂದೇ ಕೋಣೆಯಲ್ಲಿ ಜಗಳ ಇಲ್ಲದೆ ಇರುತ್ತವೆ, ಅಷ್ಟು ಸಾಕು. ಮೊನ್ನೆ ಬೂದಿ ಮೂಟೆ ಸಂದಿಯಲ್ಲಿ ಹೊಂಚು ಹಾಕಿ ಕೂತಿತ್ತು. ಚುಕ್ಕಿ ನಾಲ್ಕಡಿ ಹಿಂದೆ ಅದೇ ಥರ ಮೈ ಬಗ್ಗಿಸಿ ಕೂತಿತ್ತು. ಅಮ್ಮ ಹೇಳಿದ್ದು ಇದನ್ನೇ.

ಬೆಕ್ಕು ಇದೆ ಅಂತ ಮೂಟೆಯನ್ನ ನೆಲದ ಮೇಲೆ ಬಿಡಬೇಡಿ. ದೊಡ್ಡ ಹೆಗ್ಗಣಕ್ಕೆ ಬೆಕ್ಕೂ ಹಿಂದೇಟು ಹಾಕುತ್ತೆ. ಹಲಗೆ ಮೇಲೆ, ಗೋಡೆಯಿಂದ ಒಂದೂವರೆ ಅಡಿ ಬಿಟ್ಟು ಜೋಡಿಸಿ, ಬಿಲಗಳಿಗೆ ಸಿಮೆಂಟು ಮೆತ್ತಿ. ಇಲಿ ತಿನ್ನೋದಕ್ಕಿಂತ ಉಚ್ಚೆ, ಹಿಕ್ಕೆಯಿಂದ ಕೆಡಿಸೋದು ಹೆಚ್ಚು, ಇಲಿ ಜ್ವರ ಹರಡೋದೂ ಆ ಉಚ್ಚೆಯಿಂದಲೇ. ಇಲಿ ಹತೋಟಿ ಬಗ್ಗೆ ಕೇಳೋಕೆ ಬಬ್ಬೂರು ಫಾರಂನ ಕೃಷಿ ವಿಜ್ಞಾನ ಕೇಂದ್ರ ನಮಗೆ ಹತ್ರಾನೇ ಇದೆ.

ಮರಿ ತರೋ ಯೋಚನೆ ಇದ್ರೆ ಮೊದಲು ಕೋಣೆ ರೆಡಿ ಮಾಡಿ, ಆಮೇಲೆ ಬೈಕ್ ಹತ್ತಿ. ವಿಡಿಯೋ ಮಾಡೋಕೆ ಒಂದು ತಿಂಗಳು ಕಾಯಿರಿ.